ವಿದೇಶಿ ತೈಲದ ಹಂಗು ಪೂರ್ತಿ ಕಳಚಿಕೊಳ್ಳಲು ಒಂದು ದೇಶಕ್ಕೆ ಸಾಧ್ಯವೇ?

ಕಪ್ಪುಹಲಗೆ:

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು. ನಮ್ಮ ಮಕ್ಕಳು ಒಂದು ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದಾರೆ. ವಿಷಯ: "ಮನಸ್ಸು ಮಾಡಿದರೆ ಯಾವ ದೇಶವಾದರೂ ವಿದೇಶಿ ತೈಲದ ಅವಲಂಬನೆಯನ್ನು ಕೊನೆಗಾಣಿಸಬಹುದು." ಪರ ಮಾತಾಡುವ ಹುಡುಗಿ, ವಿರೋಧ ಮಾತಾಡುವ ಹುಡುಗ ಇಬ್ಬರೂ ನನ್ನ ಮುಂದೆಯೇ ಕೂತಿದ್ದಾರೆ. ತಮಾಷೆ ಏನೆಂದರೆ ಇಬ್ಬರಿಗೂ ಅಮೆರಿಕದ ಉದಾಹರಣೆಯೇ ಬೇಕು.

ಹುಡುಗಿ ಹೇಳುವುದು: 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಮರುತಿಂಗಳೇ ಅಧ್ಯಕ್ಷ ನಿಕ್ಸನ್ 'ಪ್ರಾಜೆಕ್ಟ್ ಇಂಡಿಪೆಂಡೆನ್ಸ್' ಘೋಷಿಸಿ, 1980ರೊಳಗೆ ಇಂಧನದಲ್ಲಿ ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆ ಎಂದರು. ತಡವಾಯಿತು, ಆದರೆ 2020ರಲ್ಲಿ ಅಮೆರಿಕ ತರಿಸಿಕೊಂಡ ಪೆಟ್ರೋಲಿಯಂಗಿಂತ ಕಳಿಸಿದ್ದೇ ಹೆಚ್ಚಾಯಿತು. ಅಂದರೆ ಆಯಿತಲ್ಲ!

ಹುಡುಗ ಹೇಳುವುದು: ಹಾಗಿದ್ದರೆ 2022ರ ಜೂನ್‌ನಲ್ಲಿ, ಯುದ್ಧ ಉಕ್ರೇನ್‌ನಲ್ಲಿ ನಡೆಯುತ್ತಿರುವಾಗ, ಅಮೆರಿಕದ ಬಂಕಿನಲ್ಲಿ ಪೆಟ್ರೋಲ್ ಗ್ಯಾಲನ್‌ಗೆ ಸರಾಸರಿ 5 ಡಾಲರ್ ದಾಟಿದ್ದು ಯಾಕೆ? ತಮ್ಮದೇ ತೈಲ ಇದ್ದವರಿಗೆ ಪರರ ಯುದ್ಧದ ಬಿಸಿ ಯಾಕೆ ತಟ್ಟಬೇಕು?

ನನ್ನ ಪ್ರಶ್ನೆಗಳು ಮೂರು. ಸ್ವಂತ ತೈಲಬಾವಿ ಸಾಕಷ್ಟು ಇದ್ದರೆ ಅವಲಂಬನೆ ಮುಗಿಯಿತೇ? ಬಾವಿಯೇ ಇಲ್ಲದ ದೇಶ ಯಾವುದಾದರೂ ಇದನ್ನು ಸಾಧಿಸಿದೆಯೇ? ಕಾರುಗಳನ್ನೆಲ್ಲ ಬ್ಯಾಟರಿಗೆ ಹಾಕಿದರೆ ಯಜಮಾನ ಬದಲಾಗುತ್ತಾನೆ ಅಷ್ಟೇ ಅಲ್ಲವೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಪತ್ರಿಕೆಯ ತಲೆಬರಹಗಳು ನನ್ನ ಹತ್ತಿರ ಬೇಕಾದಷ್ಟಿವೆ.

ಹಳೇಬಾಯ್ಲರ್:

ಮೇಡಂ, ನಿಮ್ಮ ಮಕ್ಕಳಿಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಎಡವಿರುವುದು ವಿಷಯ ಕೊಟ್ಟವರು. ತೈಲ ಅಂದರೆ ಒಂದೇ ಪದಾರ್ಥ, ಒಂದೇ ತೊಟ್ಟಿಯಲ್ಲಿ ತುಂಬಿಡುವಂಥದ್ದು ಅಂದುಕೊಂಡಿದ್ದಾರೆ.

ನಾನು ನಿವೃತ್ತನಾಗುವ ತನಕ ರಿಫೈನರಿಯೊಂದರಲ್ಲಿ ಕ್ರೂಡ್ (ಅಂದರೆ ಕಚ್ಚಾ ತೈಲ) ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಯಾವ ಹಡಗಿನ ಯಾವ ಕ್ರೂಡನ್ನು ಇನ್ಯಾವುದರ ಜೊತೆ ಎಷ್ಟು ಬೆರೆಸಿ ಘಟಕಕ್ಕೆ ಬಿಡಬೇಕು ಎನ್ನುವ ಲೆಕ್ಕ ನನ್ನದು. ಆ ಲೆಕ್ಕ ಹಾಕಿದವರಿಗೆ "ಆಮದು ಶೇಕಡಾ ಇಷ್ಟು" ಎಂಬ ಒಂಟಿ ಅಂಕಿ ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಕೆಲವು ಕ್ರೂಡ್ ತೆಳ್ಳಗೆ, ಗಂಧಕ ಕಡಿಮೆ. ಕೆಲವು ದಪ್ಪ, ಗಂಧಕ ಜಾಸ್ತಿ, ಬಿಸಿ ಮಾಡದಿದ್ದರೆ ಪೈಪಿನಲ್ಲಿ ಮುಂದೆ ಹೋಗುವುದೇ ಇಲ್ಲ. ರಿಫೈನರಿ ಕಟ್ಟುವಾಗಲೇ ಇಂಥ ಕ್ರೂಡಿಗೆ ಅಂತ ಕಟ್ಟಿರುತ್ತಾರೆ. ದಪ್ಪ ಕ್ರೂಡನ್ನು ಒಡೆಯಲು ಕೋಕರ್ ಘಟಕ ಹಾಕಿ ದುಡ್ಡು ಸುರಿದವನು, ತೆಳು ಕ್ರೂಡ್ ತಂದು ಹಾಕಿದರೆ ಆ ಕೋಕರನ್ನು ಖಾಲಿ ನಿಲ್ಲಿಸಿಕೊಂಡು ಬಡ್ಡಿ ಕಟ್ಟಬೇಕು.

ಅಮೆರಿಕದಲ್ಲಿ ಆಗಿರುವುದು ಇದೇ. ಮೆಕ್ಸಿಕೊ ಕೊಲ್ಲಿಯ ಕರಾವಳಿಯ ರಿಫೈನರಿಗಳು ಮೆಕ್ಸಿಕೊ, ವೆನೆಜುವೆಲಾದ ದಪ್ಪ ಕ್ರೂಡ್ ಅರೆಯಲು ದಶಕಗಟ್ಟಲೆ ಬಂಡವಾಳ ಹಾಕಿ ಸಜ್ಜಾದವು, ಒಳನಾಡಿನವು ಕೆನಡಾದ ಕ್ರೂಡಿಗೆ ಒಗ್ಗಿಕೊಂಡವು. ಆಮೇಲೆ ಬಂಡೆ ಸೀಳಿ ತೆಗೆಯುವ ಶೇಲ್ ತೈಲ ಬಂತು. ಅದು ತೆಳು. ಹಾಗಾಗಿ ಆ ದೇಶ ಇವತ್ತು ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಕ್ರೂಡ್ ಹೊರಗೆ ಕಳಿಸುತ್ತದೆ, 60 ಲಕ್ಷಕ್ಕೂ ಹೆಚ್ಚು ಬ್ಯಾರೆಲ್ ಒಳಗೆ ತರಿಸಿಕೊಳ್ಳುತ್ತದೆ. ಒಳಬರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆನಡಾದ್ದು. ಪೆಟ್ರೋಲ್, ಡೀಸೆಲ್ ಎಲ್ಲ ಸೇರಿಸಿ ಕೂಡಿ ಕಳೆದರೆ ರಫ್ತುದಾರ. ಕ್ರೂಡ್ ಒಂದನ್ನೇ ನೋಡಿದರೆ ಈಗಲೂ ಆಮದುದಾರ. ಹುಡುಗಿಯ ಅಂಕಿ ನಿಜ, ಅದರ ಹೊಟ್ಟೆಯೊಳಗೆ ಇಷ್ಟೆಲ್ಲ ಇದೆ.

ಇದರ ತಿರುಗುಮುರುಗು ಬೇಕೆ? ನೈಜೀರಿಯಾ. ನೆಲದಡಿ ತೈಲ ಧಾರಾಳ, ಕ್ರೂಡ್ ರಫ್ತಿನಲ್ಲಿ ಆಫ್ರಿಕಾದ ಮುಂಚೂಣಿ. ಆದರೆ ಸರ್ಕಾರಿ ರಿಫೈನರಿಗಳು ಕೆಟ್ಟು ಕೂತಿದ್ದರಿಂದ ವರ್ಷಗಟ್ಟಲೆ ಪೆಟ್ರೋಲಿಗೆ ಹೊರಗಿನ ಹಡಗನ್ನೇ ಕಾಯುತ್ತಿತ್ತು. ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ರಿಫೈನರಿ 2024ರಲ್ಲಿ ಪೆಟ್ರೋಲ್ ಕೊಡಲು ಶುರು ಮಾಡಿದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. ಇರಾನ್ ಕೂಡ ಹಾಗೆಯೇ: ಕ್ರೂಡ್ ಮಾರುವ ದೇಶ 2007ರಲ್ಲಿ ತನ್ನ ಜನರಿಗೆ ಪೆಟ್ರೋಲ್ ಪಡಿತರ ಹಾಕಿತು, ಜನ ಬಂಕಿಗೆ ಬೆಂಕಿ ಹಚ್ಚಿದರು.

ಇನ್ನು ಹುಡುಗನ 5 ಡಾಲರ್ ಪ್ರಶ್ನೆ. ಜಗತ್ತಿನ ತೈಲ ಮಾರುಕಟ್ಟೆ ಒಂದೇ ಕೆರೆ, ತೂಬುಗಳು ಮಾತ್ರ ಬೇರೆ ಬೇರೆ. ನಿಮ್ಮ ಹೊಲದ ಹಳ್ಳವೇ ಕೆರೆಗೆ ಬೀಳುತ್ತಿದ್ದರೂ, ಮಟ್ಟ ಇಳಿದಾಗ ನಿಮ್ಮ ತೂಬಿನಲ್ಲೂ ಇಳಿಯುತ್ತದೆ. ಟೆಕ್ಸಾಸ್‌ನ ಬಾವಿಯವನು ತನ್ನ ದೇಶದವನು ಎಂಬ ಕಾರಣಕ್ಕೆ ಯಾರಿಗೂ ಅಗ್ಗಕ್ಕೆ ಮಾರುವುದಿಲ್ಲ, ಹೊರಗೆ ಹೆಚ್ಚು ಸಿಕ್ಕರೆ ಹೊರಗೆ ಕಳಿಸುತ್ತಾನೆ. ಹಾಗೆ ಕಳಿಸಬಾರದು ಅಂತ 1975ರಲ್ಲಿ ಅಮೆರಿಕ ಕ್ರೂಡ್ ರಫ್ತಿಗೆ ಕಡಿವಾಣ ಹಾಕಿತ್ತು, 2015ರ ಡಿಸೆಂಬರ್‌ನಲ್ಲಿ ತೆಗೆಯಿತು. ಕಡಿವಾಣ ಇದ್ದ ಕಾಲದಲ್ಲೂ ಪೆಟ್ರೋಲ್ ಬೆಲೆ ಲೋಕದ ಬೆಲೆಯ ಹಿಂದೆಯೇ ಓಡುತ್ತಿತ್ತು, ಏಕೆಂದರೆ ಸಂಸ್ಕರಿಸಿದ ಮಾಲಿನ ರಫ್ತಿಗೆ ಅಡ್ಡಿ ಇರಲಿಲ್ಲ.

ಹಾಗಾದರೆ ಸ್ವಂತ ಬಾವಿಯಿಂದ ಲಾಭವೇ ಇಲ್ಲವೇ? ಇದೆ. ಬೆಲೆ ಏರಿದಾಗ ಆ ದುಡ್ಡು ದೇಶದೊಳಗೇ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ, ಡಾಲರ್ ಖಜಾನೆ ಬರಿದಾಗುವುದಿಲ್ಲ. ಬಾವಿಯಿಲ್ಲದವನಿಗೆ ಹಾಗಲ್ಲ. 2022ರಲ್ಲಿ ಶ್ರೀಲಂಕಾಕ್ಕೆ ತೈಲ ಮಾರಲು ಒಪ್ಪುವವರು ಇದ್ದರು, ಕೊಡಲು ಅದರ ಹತ್ತಿರ ಡಾಲರ್ ಇರಲಿಲ್ಲ. ಆದರೆ ಬಾವಿ ಬತ್ತುತ್ತದೆ ಎನ್ನುವುದು ಚರ್ಚೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಉತ್ತರ ಸಮುದ್ರದ ತೈಲದಿಂದ ಬ್ರಿಟನ್ 1980ರ ದಶಕದ ಆರಂಭಕ್ಕೆ ಸ್ವಯಂಪೂರ್ಣವಾಯಿತು. 1999ರಲ್ಲಿ ಉತ್ಪಾದನೆ ತುದಿ ಮುಟ್ಟಿತು, ಆಮೇಲೆ ಹತ್ತು ವರ್ಷವೂ ಕಳೆಯುವ ಮೊದಲೇ ಮತ್ತೆ ಆಮದುದಾರರ ಸಾಲಿಗೆ ಬಂತು.

ಎರಡನೇ ಪ್ರಶ್ನೆಗೆ ಚಿಕ್ಕದಾಗಿ: ಬಾವಿಯಿಲ್ಲದ ದೇಶಗಳು ತೈಲವನ್ನು ಕೆಲವು ಕೆಲಸಗಳಿಂದ ಪೂರ್ತಿ ಓಡಿಸಿವೆ, ಎಲ್ಲ ಕೆಲಸಗಳಿಂದ ಓಡಿಸಿದ ದೇಶ ಇಲ್ಲ. ಫ್ರಾನ್ಸ್ 1974ರಲ್ಲಿ ಪ್ರಧಾನಿ ಮೆಸ್ಮರ್ ಹೆಸರಿನ ಯೋಜನೆ ಹಿಡಿದು ಸುಮಾರು ಒಂದೂವರೆ ದಶಕದಲ್ಲಿ 50ರಷ್ಟು ಅಣು ರಿಯಾಕ್ಟರ್ ಕಟ್ಟಿತು. ವಿದ್ಯುತ್ತಿಗೆ ತೈಲ ಸುಡುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೆ ಅಲ್ಲಿನ ಕಾರು, ಲಾರಿಗಳು ಎಂದಿನಂತೆ ಆಮದು ತೈಲದಲ್ಲೇ ಓಡಿದವು. ಐಸ್‌ಲ್ಯಾಂಡ್ ಹತ್ತರಲ್ಲಿ ಒಂಬತ್ತು ಮನೆಗಳನ್ನು ಭೂಗರ್ಭದ ಬಿಸಿನೀರಿನಿಂದ ಬೆಚ್ಚಗಿಡುತ್ತದೆ, ಅದರ ಮೀನುಗಾರಿಕೆ ಹಡಗುಗಳು ಡೀಸೆಲ್ ಕುಡಿಯುತ್ತವೆ. ಸ್ವೀಡನ್‌ನಲ್ಲಿ ಪ್ರಧಾನಿ ಯೋರಾನ್ ಪೆರ್ಶನ್ ಒಂದು ಆಯೋಗವನ್ನೇ ಕೂರಿಸಿ 2020ರೊಳಗೆ ತೈಲದ ಹಂಗು ತೊರೆಯುತ್ತೇವೆ ಎಂದರು. ವರದಿ ಬಂದದ್ದು 2006ರ ಜೂನ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಚುನಾವಣೆ ಸೋತರು. ಮನೆ ಬಿಸಿ ಮಾಡುವ ತೈಲ ಅಲ್ಲಿ ನಿಜಕ್ಕೂ ಮಾಯವಾಯಿತು, ರಸ್ತೆಯ ಮೇಲಿನದು 2020 ಕಳೆದರೂ ಉಳಿದೇ ಇತ್ತು.

ಒಲೆ, ಬಾಯ್ಲರ್, ವಿದ್ಯುತ್ ಸ್ಥಾವರ ಇವುಗಳಿಂದ ತೈಲ ಬಿಡಿಸುವುದು ಸುಲಭ. ಅವು ಒಂದೇ ಕಡೆ ನಿಂತಿರುತ್ತವೆ. ಚಲಿಸುವ ವಸ್ತುವಿನಿಂದ ಬಿಡಿಸುವುದೇ ಕಷ್ಟ.

ಖಾತೆಕಿರ್ದಿ:

ಹಳೇಬಾಯ್ಲರ್ ಸರ್ ತಾಂತ್ರಿಕ ಭಾಗ ಚೆನ್ನಾಗಿ ಹೇಳಿದ್ದಾರೆ. ನಾನು ಬೆಲೆಗಳ ಇತಿಹಾಸದ ಹುಚ್ಚಿನವನು, ನನ್ನ ಕಡೆಯಿಂದ ಒಂದೇ ಒಂದು ವರ್ಷ ಸೇರಿಸುತ್ತೇನೆ: 1986.

ಎಲ್ಲರೂ 1973ರ ಮಾತಾಡುತ್ತಾರೆ. ಆಗ ಬ್ಯಾರೆಲ್ ಬೆಲೆ ಕೆಲವೇ ತಿಂಗಳಲ್ಲಿ 3 ಡಾಲರ್ ಆಸುಪಾಸಿನಿಂದ 12 ಡಾಲರ್ ಹತ್ತಿರಕ್ಕೆ ಹಾರಿತು. 1979ರ ಇರಾನ್ ಕ್ರಾಂತಿ ಇನ್ನಷ್ಟು ಏರಿಸಿತು. ದೇಶಗಳು ಹೆದರಿ ಒಳ್ಳೊಳ್ಳೆಯ ಯೋಜನೆಗಳನ್ನೇ ಹಾಕಿಕೊಂಡವು. ಆ ಯೋಜನೆಗಳನ್ನು ಕೊಂದದ್ದು ದುಬಾರಿ ತೈಲವಲ್ಲ, ಅಗ್ಗದ ತೈಲ. ಬೆಲೆ ಎತ್ತಿಹಿಡಿಯಲು ತನ್ನ ಉತ್ಪಾದನೆಯನ್ನು ವರ್ಷಗಟ್ಟಲೆ ಕಡಿಮೆ ಮಾಡಿಕೊಂಡು ಸೋತಿದ್ದ ಸೌದಿ ಅರೇಬಿಯಾ 1985ರ ಕೊನೆಗೆ ನಲ್ಲಿ ತೆರೆದುಬಿಟ್ಟಿತು. 1986ರ ಮಧ್ಯಕ್ಕೆ ಬ್ಯಾರೆಲ್ 10 ಡಾಲರ್ ಹತ್ತಿರ ಬಂದು ಬಿತ್ತು.

ಆಮೇಲೆ ನಡೆದದ್ದು ನೋಡಿ. ಕಲ್ಲಿದ್ದಲು, ಶೇಲ್‌ಗಳಿಂದ ಇಂಧನ ತಯಾರಿಸಲು ಅಮೆರಿಕ 1980ರಲ್ಲಿ ಸಿಂಥೆಟಿಕ್ ಫ್ಯುಯೆಲ್ಸ್ ಕಾರ್ಪೊರೇಶನ್ ಕಟ್ಟಿತ್ತು, 1986ರಲ್ಲಿ ಅದು ಬಾಗಿಲು ಹಾಕಿತು. ಹೊಸ ಕಾರುಗಳು ಗ್ಯಾಲನ್‌ಗೆ ಸರಾಸರಿ 27.5 ಮೈಲಿ ಓಡಬೇಕು ಎಂಬ 1985ರ ನಿಯಮವನ್ನು 1986ರ ಮಾದರಿಗಳಿಗೆ 26ಕ್ಕೆ ಸಡಿಲಿಸಿದರು. ಕಾರ್ಟರ್ 1979ರಲ್ಲಿ ಶ್ವೇತಭವನದ ಛಾವಣಿ ಮೇಲೆ ಹಾಕಿಸಿದ್ದ ಬಿಸಿನೀರಿನ ಸೌರ ಫಲಕಗಳನ್ನು ರೇಗನ್ ಕಾಲದಲ್ಲಿ, ಅದೇ 1986ರಲ್ಲಿ, ಛಾವಣಿ ರಿಪೇರಿ ನೆಪದಲ್ಲಿ ಇಳಿಸಿದವರು ಮತ್ತೆ ಏರಿಸಲಿಲ್ಲ. 2005ರ ಹೊತ್ತಿಗೆ ಆ ದೇಶದ ಬಳಕೆಯಲ್ಲಿ ಶೇ. 60ರಷ್ಟು ನಿವ್ವಳ ಆಮದು. ನಿಕ್ಸನ್ ಪ್ರತಿಜ್ಞೆ ಮಾಡಿದ ದಿನಕ್ಕಿಂತ ಎಷ್ಟೋ ಹೆಚ್ಚು.

ಬ್ರೆಜಿಲ್ ಕಥೆ ಇನ್ನೂ ಪಾಠದ್ದು. 1973ರಲ್ಲಿ ಅದಕ್ಕೆ ಬೇಕಾದ ತೈಲದಲ್ಲಿ ಸುಮಾರು ಶೇ. 80 ಹೊರಗಿನದು. 1975ರ ನವೆಂಬರ್‌ನಲ್ಲಿ ಪ್ರೊಆಲ್ಕೂಲ್ ಯೋಜನೆ ಬಂತು: ಕಬ್ಬಿನಿಂದ ಎಥೆನಾಲ್. 1979ರಲ್ಲಿ ಬರೀ ಎಥೆನಾಲಿನಲ್ಲಿ ಓಡುವ ಫಿಯಟ್ ಕಾರು ಮಾರುಕಟ್ಟೆಗೆ ಬಂತು. 80ರ ದಶಕದ ನಡುವೆ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಎಥೆನಾಲ್ ಕಾರು! ಇಷ್ಟಾದ ಮೇಲೆ ತೈಲ ಅಗ್ಗವಾಯಿತು, ಸರ್ಕಾರದ ಕೈ ಬಿಗಿಯಾಯಿತು, ಸಕ್ಕರೆಗೆ ಹೊರಗೆ ಒಳ್ಳೆಯ ಬೆಲೆ ಬಂತು. ಕಾರ್ಖಾನೆಯವರು ಕಬ್ಬನ್ನು ಸಕ್ಕರೆಗೆ ತಿರುಗಿಸಿದರು. 1989ರಲ್ಲಿ ಎಥೆನಾಲ್ ಕಾರು ಕೊಂಡವರು ಬಂಕಿನ ಮುಂದೆ ಸಾಲು ನಿಂತರು. ಸರ್ಕಾರದ ಮಾತು ನಂಬಿ ಕಾರು ಕೊಂಡವನ ಹೊಟ್ಟೆಯುರಿ ಊಹಿಸಿಕೊಳ್ಳಿ. ಮುಂದಿನ ದಶಕದಲ್ಲಿ ಅಂಥ ಕಾರು ಕೇಳುವವರೇ ಇಲ್ಲವಾದರು.

ಅದನ್ನು ಮತ್ತೆ ಎಬ್ಬಿಸಿದ್ದು 2003ರ ಫ್ಲೆಕ್ಸ್ ಎಂಜಿನ್. ಪೆಟ್ರೋಲ್, ಎಥೆನಾಲ್ ಯಾವುದನ್ನು ಎಷ್ಟು ಬೆರೆಸಿ ಹಾಕಿದರೂ ಓಡುತ್ತದೆ. ಆಯ್ಕೆ ಸರ್ಕಾರದ ಕೈಯಿಂದ ಬಂಕಿನಲ್ಲಿ ನಿಂತವನ ಕೈಗೆ ಬಂತು. ನನ್ನ ಮಟ್ಟಿಗೆ ಬ್ರೆಜಿಲ್‌ನ ನಿಜವಾದ ಜಾಣತನ ಕಬ್ಬಿನಲ್ಲಿಲ್ಲ, ಈ ಎಂಜಿನ್‌ನಲ್ಲಿದೆ. 1913ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಕಲ್ಲಿದ್ದಲಿನಿಂದ ತೈಲಕ್ಕೆ ತಿರುಗಿಸುತ್ತಿದ್ದ ಚರ್ಚಿಲ್ ಕೂಡ ಸಂಸತ್ತಿನಲ್ಲಿ ಇದನ್ನೇ ಹೇಳಿದ್ದರು: ತೈಲದ ಭದ್ರತೆ ಇರುವುದು ಮೂಲಗಳ ವೈವಿಧ್ಯದಲ್ಲಿ, ಒಂದೇ ಕಡೆ ಕಟ್ಟಿಬೀಳದಿರುವುದರಲ್ಲಿ. ತಮ್ಮದೇ ವೇಲ್ಸ್‌ನ ಕಲ್ಲಿದ್ದಲು ಬಿಟ್ಟು ಪರ್ಷಿಯಾದ ತೈಲಕ್ಕೆ ಹೋದವರು ಅವರು ಎಂಬುದನ್ನೂ ಮಕ್ಕಳಿಗೆ ಹೇಳಿ. ವಿದೇಶಿ ತೈಲದ ಅವಲಂಬನೆ ಮೈಮೇಲೆ ಬಿದ್ದದ್ದಲ್ಲ, ವೇಗದ ಹಡಗು ಬೇಕು ಅಂತ ಕಣ್ಣುಬಿಟ್ಟೇ ಆರಿಸಿಕೊಂಡದ್ದು.

ಅಡ್ಡಮಾತು:

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ. ಹೌದು, ಯಜಮಾನ ಬದಲಾಗುತ್ತಾನೆ ಅಷ್ಟೇ. ಬ್ಯಾಟರಿಯ ಆನೋಡಿಗೆ (ಒಳಗಿನ ಎರಡು ವಿದ್ಯುದ್ವಾರಗಳಲ್ಲಿ ಒಂದು) ಬೇಕಾದ ಗ್ರಾಫೈಟ್ ಶುದ್ಧಿ ಮಾಡುವುದು ಬಹುಪಾಲು ಚೀನಾ. 2023ರ ಕೊನೆಯಲ್ಲಿ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. 2025ರ ಏಪ್ರಿಲ್‌ನಲ್ಲಿ ಕಾರಿನ ಮೋಟಾರಿಗೆ ಬೇಕಾದ ಅಪರೂಪದ ಲೋಹಗಳ ಅಯಸ್ಕಾಂತಗಳಿಗೂ ಪರವಾನಗಿ ಅಂದದ್ದೇ ತಡ, ಕೆಲವೇ ವಾರಗಳಲ್ಲಿ ಬೇರೆ ದೇಶಗಳ ಕೆಲವು ಕಾರು ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ತೈಲದಲ್ಲಿ ಸೌದಿ ಇಲ್ಲದಿದ್ದರೆ ಇರಾಕ್, ಅದಿಲ್ಲದಿದ್ದರೆ ಬ್ರೆಜಿಲ್, ಗಯಾನಾ ಅಂತ ಹತ್ತು ಬಾಗಿಲು ತಟ್ಟಬಹುದು. ಇಲ್ಲಿ ಇರುವುದು ಒಂದೇ ಬಾಗಿಲು.

ಮತ್ತೆ, ತೈಲ ನಿಜವಾಗಿ ನಿಂತ ದೇಶದ ಉದಾಹರಣೆ ಬೇಕಾದರೆ ಕ್ಯೂಬಾ ನೋಡಿ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದು ಅಗ್ಗದ ತೈಲ ಕೈತಪ್ಪಿತು. ಜನ ಚೀನಾದಿಂದ ತರಿಸಿದ ಸೈಕಲ್ ಹತ್ತಿದರು, ಹೊಲದಲ್ಲಿ ಟ್ರ್ಯಾಕ್ಟರ್ ಜಾಗಕ್ಕೆ ಎತ್ತು ಬಂದವು, ಮೈಯಲ್ಲಿ ಮಾಂಸ ಕರಗಿತು. ಅವಲಂಬನೆ ಕಡಿಮೆಯಾಯಿತು ಅಂತ ಯಾರಾದರೂ ಹಬ್ಬ ಮಾಡಿದರೇ?

ಹಳೇಬಾಯ್ಲರ್:

ಅಡ್ಡಮಾತು ಅವರೇ, ಚೀನಾ ವಿಷಯ ಒಪ್ಪಿದೆ, ಅದು ಹುಡುಗಾಟದ ಮಾತಲ್ಲ. ಆದರೆ ಎರಡೂ ಅವಲಂಬನೆಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ.

ನಾನಿದ್ದ ರಿಫೈನರಿಯಲ್ಲಿ ಹಡಗು ತಡವಾದರೆ ಏನಾಗುತ್ತಿತ್ತು ಗೊತ್ತೇ? ಮೊದಲು ಟ್ಯಾಂಕಿನ ಮಟ್ಟ ನೋಡುವುದು. ಆಮೇಲೆ ಘಟಕದ ಓಟ ತಗ್ಗಿಸುವುದು, ಅಂದರೆ ಗಂಟೆಗೆ ಒಳಬಿಡುವ ಕ್ರೂಡ್ ಕಡಿಮೆ ಮಾಡುವುದು. ಅದನ್ನೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಇಳಿಸಿದರೆ ಫರ್ನೇಸ್ ಆರಿಸಿ ಇಡೀ ಘಟಕವನ್ನೇ ನಿಲ್ಲಿಸಬೇಕು. ಮೇಲಿನವರಿಂದ ಫೋನು, ಬಂದರಿನಿಂದ ಫೋನು, ರಾತ್ರಿಯೆಲ್ಲ ಇದೇ. ಇಡೀ ವ್ಯವಸ್ಥೆ ಮುಂದಿನ ಹಡಗಿನ ಮೇಲೆ ಉಸಿರು ಹಿಡಿದಿರುತ್ತದೆ. 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ 90 ದಿನಗಳ ಆಮದಿಗೆ ಸಮನಾದ ದಾಸ್ತಾನು ಇಡಿ ಅನ್ನುವುದು ಇದಕ್ಕೇ. 90 ದಿನ! ಶ್ರೀಮಂತ ದೇಶಗಳ ಧೈರ್ಯವೂ ಅಷ್ಟೇ ಉದ್ದ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಜಲಸಂಧಿ ಒಂದರಲ್ಲೇ ಶಾಂತಿಕಾಲದಲ್ಲಿ ಲೋಕದ ಬಳಕೆಯ ಸುಮಾರು ಐದನೇ ಒಂದು ಪಾಲು ಸಾಗುತ್ತದೆ ಎಂದಾಗ ಆ ಉದ್ದ ಎಷ್ಟು ಗಿಡ್ಡ ಎಂದು ತಿಳಿಯುತ್ತದೆ.

ತೈಲ ಪ್ರತಿದಿನ ಸುಟ್ಟು ಹೋಗುತ್ತದೆ, ಪ್ರತಿದಿನ ಮತ್ತೆ ಬೇಕು. ಬ್ಯಾಟರಿ ಹಾಗಲ್ಲ. ಬ್ಯಾಟರಿ ಸರಬರಾಜು ನಾಳೆ ನಿಂತರೆ ಹೊಸ ಕಾರಿನ ಮಾರಾಟ ನಿಲ್ಲುತ್ತದೆ, ರಸ್ತೆಯಲ್ಲಿ ಓಡುತ್ತಿರುವ ಕಾರು ನಿಲ್ಲುವುದಿಲ್ಲ. ಅದರೊಳಗಿನ ನಿಕ್ಕಲ್, ಕೋಬಾಲ್ಟ್ ಕಾರು ಗುಜರಿಗೆ ಹೋದ ದಿನವೂ ಅಲ್ಲೇ ಇರುತ್ತದೆ, ತೆಗೆದು ಮತ್ತೆ ಬಳಸಬಹುದು. ಸುಟ್ಟ ಡೀಸೆಲನ್ನು ಹೊಗೆಕೊಳವೆಯಿಂದ ವಾಪಸು ತಂದವರಿಲ್ಲ. ಫ್ರಾನ್ಸಿನ ಯುರೇನಿಯಂ ಕೂಡ ಹೊರಗಿನದೇ. ಆದರೆ ಅಣು ಇಂಧನವನ್ನು ವರ್ಷಗಟ್ಟಲೆಗೆ ಆಗುವಷ್ಟು ಗೋದಾಮಿನಲ್ಲಿ ಇಡಬಹುದು. ಹೊರದೇಶದಿಂದ ತರುವುದೆಲ್ಲ ಒಂದೇ ಬಗೆಯ ಹಂಗಲ್ಲ.

ಈ ಲೆಕ್ಕ ಬಡದೇಶಗಳಿಗೆ ಶ್ರೀಮಂತರಿಗಿಂತ ಚೆನ್ನಾಗಿ ಅರ್ಥವಾಗಿದೆ ಅನ್ನಿಸುತ್ತದೆ. ಇಥಿಯೋಪಿಯಾ 2024ರ ಆರಂಭದಲ್ಲಿ ಪೆಟ್ರೋಲ್, ಡೀಸೆಲ್ ಖಾಸಗಿ ಕಾರುಗಳ ಆಮದನ್ನೇ ನಿಲ್ಲಿಸಿತು. ಹೊಗೆಯ ಮೇಲಿನ ಸಿಟ್ಟಿಗಲ್ಲ, ತೈಲ ಕೊಳ್ಳಲು ಡಾಲರ್ ಸಾಲದೆ. ಅಲ್ಲಿನ ವಿದ್ಯುತ್ ಹೆಚ್ಚೂಕಡಿಮೆ ಪೂರ್ತಿ ಜಲವಿದ್ಯುತ್. ನೀಲಿ ನೈಲ್ ಮೇಲಿನ 5,150 ಮೆಗಾವಾಟ್‌ನ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ನೇಪಾಳವೂ ಅದೇ ದಾರಿಯಲ್ಲಿದೆ. 2015ರಲ್ಲಿ ಗಡಿಯಲ್ಲಿ ಟ್ಯಾಂಕರುಗಳು ನಿಂತುಹೋದ ತಿಂಗಳುಗಳನ್ನು ಅಲ್ಲಿನವರು ಮರೆತಿಲ್ಲ. ಈಗ ಅಲ್ಲಿಗೆ ಬರುವ ಹೊಸ ಕಾರುಗಳಲ್ಲಿ ಬಹುಪಾಲು ವಿದ್ಯುತ್ತಿನವು. ಕಾರು ಚೀನಾದ್ದು, ನಿಜ. ಆದರೆ ಒಮ್ಮೆ ಕೊಂಡ ಮೇಲೆ ಓಡಿಸುವ ಶಕ್ತಿ ಸ್ವಂತ ನದಿಯದ್ದು.

ಕ್ಯೂಬಾ ಬಗ್ಗೆ ನೀವು ಹೇಳಿದ್ದು ಸರಿ. ಬೇರೆ ದಾರಿ ಮಾಡಿಟ್ಟುಕೊಳ್ಳದೆ ತೈಲ ತಪ್ಪಿಸಿಕೊಂಡರೆ ಅದಕ್ಕೆ ಬರಗಾಲ ಅನ್ನಬೇಕು, ಸ್ವಾತಂತ್ರ್ಯ ಅನ್ನಬಾರದು.

ಬೂದಿಗುಡ್ಡ:

ಎಲ್ಲರೂ ಒಂದು ದೊಡ್ಡ ಉದಾಹರಣೆ ಬಿಟ್ಟಿರಿ. ಕಲ್ಲಿದ್ದಲಿನಿಂದಲೇ ಪೆಟ್ರೋಲ್, ಡೀಸೆಲ್ ಮಾಡಬಹುದು. ಜರ್ಮನಿಯ ಫಿಶರ್ ಮತ್ತು ಟ್ರಾಪ್ಷ್ 1925ರಲ್ಲೇ ವಿಧಾನ ಕಂಡುಹಿಡಿದರು. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1950ರ ದಶಕದಿಂದ ಮಾಡುತ್ತಿದೆ. ವರ್ಣಭೇದ ನೀತಿಯ ಕಾರಣಕ್ಕೆ ಜಗತ್ತು ತೈಲ ಕೊಡುವುದಿಲ್ಲ ಅಂದಾಗ ಸೆಕುಂಡಾದಲ್ಲಿ ಮಹಾ ಕಾರ್ಖಾನೆಗಳನ್ನೇ ಎಬ್ಬಿಸಿದರು. ಕಲ್ಲಿದ್ದಲು ಇರುವ ದೇಶಕ್ಕೆ ಇದು ನೇರ ದಾರಿ ಅಲ್ಲವೇ?

ಹಳೇಬಾಯ್ಲರ್:

ದಾರಿ ಹೌದು, ಸುಂಕ ಜಾಸ್ತಿ. ಸೆಕುಂಡಾ ದಿನಕ್ಕೆ ಸುಮಾರು ಒಂದೂವರೆ ಲಕ್ಷ ಬ್ಯಾರೆಲ್ ಇಂಧನಕ್ಕಾಗಿ ಬಿಡುವ ಇಂಗಾಲದ ಡೈಆಕ್ಸೈಡ್, ಎಷ್ಟೋ ದೇಶಗಳು ಇಡಿಯಾಗಿ ಬಿಡುವುದಕ್ಕಿಂತ ಹೆಚ್ಚು. ಅಷ್ಟಾದರೂ ದಕ್ಷಿಣ ಆಫ್ರಿಕಾಕ್ಕೆ ಆಮದು ತಪ್ಪಲಿಲ್ಲ. ಅಗ್ಗದ ಕಲ್ಲಿದ್ದಲು, ಸರ್ಕಾರದ ಬೆಂಬಲ, ಬೇರೆ ಗತಿಯಿಲ್ಲದ ಪರಿಸ್ಥಿತಿ, ಈ ಮೂರೂ ಕೂಡಿದಾಗ ನಡೆದ ಕೆಲಸ ಅದು.

ಇನ್ನೊಂದು, ಎಲ್ಲವನ್ನೂ ಒಂದು ಬೇಲಿಯೊಳಗೆ ಕೂಡಿಹಾಕಿದರೆ ಹೊಡೆಯುವವನಿಗೂ ಅನುಕೂಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನ ಪೆಟ್ರೋಲ್ ಹೆಚ್ಚೂಕಡಿಮೆ ಪೂರ್ತಿ ಕಲ್ಲಿದ್ದಲಿನದೇ. 1944ರ ಮೇ ತಿಂಗಳಲ್ಲಿ ಮಿತ್ರರಾಷ್ಟ್ರಗಳು ಲಾಯ್ನಾದಂಥ ಕಾರ್ಖಾನೆಗಳ ಮೇಲೆ ಬಾಂಬ್ ಹಾಕತೊಡಗಿದವು. ಸೆಪ್ಟೆಂಬರ್ ಹೊತ್ತಿಗೆ ಉತ್ಪಾದನೆ ಹತ್ತನೇ ಒಂದು ಪಾಲಿಗಿಂತ ಕೆಳಗೆ. ವಿಮಾನಗಳಿದ್ದವು, ಹಾರಿಸಲು ಇಂಧನ ಇರಲಿಲ್ಲ. ಸ್ವದೇಶಿ ಇಂಧನವೇ ಆಗಿತ್ತಲ್ಲ ಅದು!

ಕಪ್ಪುಹಲಗೆ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಮಕ್ಕಳು ಓದಿ ಇಬ್ಬರೂ ಪಕ್ಷ ಬದಲಿಸಲು ನೋಡುತ್ತಿದ್ದಾರೆ, ನಾನು ಬಿಡುತ್ತಿಲ್ಲ.

ಹುಡುಗಿಯ ಒಂದು ಪ್ರಶ್ನೆ ಉಳಿದಿದೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ. 89 ಬರೀ ಬ್ಯಾಟರಿಯವು. ಕಾರುಗಳು ಹೀಗೆ ಬದಲಾದರೆ ತೈಲ ಆಮದು ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ ಅಂತ ಅವಳು ವಾದಿಸಬಹುದೇ? ಖಾತೆಕಿರ್ದಿ ಅವರೇ, ಬ್ರೆಜಿಲ್ ಕೊನೆಗೆ ಸ್ವಯಂಪೂರ್ಣ ಆಯಿತೋ ಇಲ್ಲವೋ ಅಂತಲೂ ಹೇಳಿಬಿಡಿ.

ಖಾತೆಕಿರ್ದಿ:

2006ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲೂಲಾ ಸಮುದ್ರದ ಮಧ್ಯದ ತೈಲ ವೇದಿಕೆಗೇ ಹೋಗಿ ಆಯಿತು ಎಂದು ಘೋಷಿಸಿದರು. ಆಮೇಲೆ ಸಮುದ್ರತಳದ ಉಪ್ಪಿನ ಪದರದ ಅಡಿಯಲ್ಲಿ ದೊಡ್ಡ ನಿಕ್ಷೇಪಗಳು ಸಿಕ್ಕವು. ಈಗ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಹೆಚ್ಚು ತೆಗೆದು, ಮಿಕ್ಕಿದ್ದನ್ನು ರಫ್ತು ಮಾಡುತ್ತದೆ. ಹೀಗಿದ್ದೂ ತನಗೆ ಬೇಕಾದ ಡೀಸೆಲ್‌ನಲ್ಲಿ ಸುಮಾರು ಕಾಲುಭಾಗ ಹೊರಗಿನಿಂದ ಕೊಳ್ಳುತ್ತದೆ. ಯಾಕೆ ಅನ್ನುವುದನ್ನು ಹಳೇಬಾಯ್ಲರ್ ಸರ್ ಹೇಳಲಿ, ಅವರ ಅಡುಗೆಮನೆ ಅದು.

ಹಳೇಬಾಯ್ಲರ್:

ಹೇಳುತ್ತೇನೆ. ಎಥೆನಾಲ್, ವಿದ್ಯುತ್ ಕಾರುಗಳ ಬಗ್ಗೆ ಕೊಚ್ಚಿಕೊಳ್ಳುವವರು ಮುಟ್ಟದೇ ಬಿಡುವ ಜಾಗ ಇದೇ, ಸ್ವಲ್ಪ ಉದ್ದವಾಗುತ್ತದೆ.

159 ಲೀಟರಿನ ಒಂದು ಬ್ಯಾರೆಲ್ ಕ್ರೂಡನ್ನು ಫರ್ನೇಸಿನಲ್ಲಿ ಕಾಯಿಸಿ ಕಾಲಮ್ಮಿಗೆ, ಅಂದರೆ ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ಇಂಧನ ಬೇರ್ಪಡುವ ಗೋಪುರಕ್ಕೆ, ಬಿಟ್ಟರೆ ಎಲ್ಲ ಒಟ್ಟಿಗೇ ಬರುತ್ತವೆ: ಮೇಲಿನಿಂದ ಗ್ಯಾಸ್, ನಾಫ್ತಾ, ನಡುವೆ ವಿಮಾನ ಇಂಧನ, ಡೀಸೆಲ್, ತಳದಲ್ಲಿ ಡಾಂಬರಾಗುವ ಗಷ್ಟು. ನಾಫ್ತಾದಿಂದ ಪೆಟ್ರೋಲ್. ದಪ್ಪ ಅಂಶವನ್ನು ಒಡೆಯುವ ಹೈಡ್ರೊಕ್ರ್ಯಾಕರ್‌ನಂಥ ಘಟಕಗಳನ್ನು ಹಾಕಿ ಪ್ರಮಾಣವನ್ನು ಒಂದಿಷ್ಟು ಆಚೀಚೆ ಮಾಡಬಹುದು. "ಪೆಟ್ರೋಲ್ ಬೇಡವೇ ಬೇಡ, ಡೀಸೆಲ್ ಮಾತ್ರ ಕೊಡು" ಅಂದರೆ ಕಾಲಮ್ಮು ಕೇಳುವುದಿಲ್ಲ.

ಈಗ ಲೆಕ್ಕ ನೋಡಿ. ಒಂದು ದೇಶದ ಕಾರುಗಳೆಲ್ಲ ವಿದ್ಯುತ್ತಿಗೆ ಹೋದವು, ಪೆಟ್ರೋಲ್ ಬೇಡಿಕೆ ಬಿತ್ತು. ಲಾರಿ, ಟ್ರ್ಯಾಕ್ಟರ್, ಗಣಿಯ ಯಂತ್ರ, ಹಡಗು ಹಾಗೇ ಇವೆ. ಅವಕ್ಕೆ ಡೀಸೆಲ್ ಬೇಕೆಂದರೆ ಅಷ್ಟೇ ಕ್ರೂಡ್ ಕಾಯಿಸಬೇಕು. ಜೊತೆಗೆ ಹುಟ್ಟುವ ಪೆಟ್ರೋಲನ್ನು ಏನು ಮಾಡುವುದು? ಸಿಕ್ಕ ಬೆಲೆಗೆ ರಫ್ತು. ಆಮದು ರಶೀದಿಯ ಮೇಲಿನ ಬ್ಯಾರೆಲ್ ಸಂಖ್ಯೆ ಅಂದುಕೊಂಡಷ್ಟು ಇಳಿಯುವುದಿಲ್ಲ. ಕ್ರೂಡ್ ಬಿಟ್ಟು ಡೀಸೆಲನ್ನೇ ನೇರ ಕೊಂಡರೆ ರಿಫೈನರಿ ಮುಚ್ಚಬೇಕು, ಹಂಗು ಬೇರೆಯವರ ರಿಫೈನರಿಗೆ ಹೋಗುತ್ತದೆ. ಬ್ರೆಜಿಲ್‌ನ ಕಬ್ಬು ಪೆಟ್ರೋಲನ್ನು ಬದಲಿಸಿತು. ಲಾರಿಗಳು ಡೀಸೆಲಿನವು, ಇರುವ ರಿಫೈನರಿಗಳು ಅಷ್ಟು ಡೀಸೆಲ್ ಕೊಡುವುದಿಲ್ಲ. ಸೋಯಾ ಎಣ್ಣೆಯ ಬಯೋಡೀಸೆಲ್ ಬೆರೆಸಿದರೂ ಕೊರತೆ ತುಂಬುವುದಿಲ್ಲ. ಕ್ರೂಡ್ ರಫ್ತು, ಡೀಸೆಲ್ ಆಮದು.

ಆದ್ದರಿಂದ ಹುಡುಗಿ ಕಾರಿನ ಅಂಕಿಯನ್ನು ಒಂಟಿಯಾಗಿ ಹಿಡಿದು ಹೋಗುವುದು ಬೇಡ, ಹುಡುಗ ಅಲ್ಲೇ ಹಿಡಿಯುತ್ತಾನೆ. ನಾನಾಗಿದ್ದರೆ ಡೀಸೆಲಿನಿಂದ ಶುರು ಮಾಡುತ್ತಿದ್ದೆ. ಬಸ್ಸು ಸುಲಭ: ದಿನವೂ ಅದೇ ದಾರಿ, ರಾತ್ರಿ ಡಿಪೋಗೆ ವಾಪಸು. ಚೀನಾದ ಶೆನ್ಜೆನ್ ನಗರ 2017ರೊಳಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಿಸಿತು. ಲಾರಿ ಕಷ್ಟ ಅನ್ನುತ್ತಿದ್ದರು. ಚೀನಾದಲ್ಲೇ 2024ರಲ್ಲಿ ಡೀಸೆಲ್ ಬಳಕೆ ಇಳಿಯಿತು. ಅರ್ಧ ಕಾರಣ ಕಟ್ಟಡ ಕೆಲಸ ಬಿದ್ದುಹೋದದ್ದು, ಉಳಿದದ್ದು ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಲಾರಿ, ವಿದ್ಯುತ್ ಲಾರಿ. ಅರ್ಧ ಅನ್ನುವುದು ನನ್ನ ಬಾಯಿಲೆಕ್ಕ, ಮಕ್ಕಳು ಅದನ್ನು ಚರ್ಚೆಯಲ್ಲಿ ಹೇಳುವುದು ಬೇಡ.

ಪೂರ್ತಿ ಗೆದ್ದ ಉದಾಹರಣೆ ಒಂದಾದರೂ ಬೇಕು ಅಂದರೆ ತೈಲ ಬಿಟ್ಟು ಕಲ್ಲಿದ್ದಲಿಗೆ ಹೋಗಿ, ಸ್ವಿಟ್ಜರ್‌ಲ್ಯಾಂಡ್‌ಗೆ. ಅಲ್ಲಿ ಕಲ್ಲಿದ್ದಲು ಇಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಿಂದ ಬರುವುದು ಕಡಿಮೆಯಾಗಿ, ಬೆಲೆ ಮುಗಿಲು ಮುಟ್ಟಿ ರೈಲುಗಳನ್ನು ಕಡಿತ ಮಾಡಬೇಕಾಯಿತು. ಯುದ್ಧ ಮುಗಿದು ಕಲ್ಲಿದ್ದಲು ಮತ್ತೆ ಸಿಗತೊಡಗಿದಾಗ ಅವರು ಮರೆಯಲಿಲ್ಲ (ಖಾತೆಕಿರ್ದಿ ಅವರ 1986 ಅಲ್ಲಿ ಆಗಲಿಲ್ಲ). 1920ರ ದಶಕದ ಆರಂಭದಲ್ಲಿ ಗೊಟ್ಹಾರ್ಡ್ ಮಾರ್ಗಕ್ಕೆ ಜಲವಿದ್ಯುತ್ ತಂತಿ ಎಳೆದರು, ಎರಡನೇ ಯುದ್ಧದ ಹೊತ್ತಿಗೆ ಮುಖ್ಯ ಮಾರ್ಗಗಳೆಲ್ಲ ವಿದ್ಯುತ್ತಿನವು. ಆ ಯುದ್ಧದಲ್ಲಿ ಉಳಿದ ಸ್ವಲ್ಪ ಉಗಿ ಎಂಜಿನ್‌ಗಳಿಗೂ ಕಲ್ಲಿದ್ದಲು ಸಾಲದಾದಾಗ, ನಿಲ್ದಾಣದಲ್ಲಿ ಬೋಗಿ ಜೋಡಿಸುವ ಶಂಟಿಂಗ್ ಎಂಜಿನ್ ಎರಡರ ತಲೆ ಮೇಲೆ ವಿದ್ಯುತ್ ತಂತಿಯ ಕೊಂಡಿ ಕೂರಿಸಿ, ಕರೆಂಟಿನಿಂದ ನೀರು ಕುದಿಸಿ ಉಗಿ ಮಾಡಿ ಓಡಿಸಿದರು. ಬಾಯ್ಲರ್ ಜೊತೆ ಬದುಕಿದ ನನಗೆ ಇದು ಬಹಳ ಇಷ್ಟದ ಸಂಗತಿ.

ವಿಮಾನ ಮತ್ತು ಪ್ಲಾಸ್ಟಿಕ್ ಕೊನೆಯ ತನಕ ಉಳಿಯುತ್ತವೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಇರುವ ಶಕ್ತಿ ಇವತ್ತಿನ ಒಳ್ಳೆಯ ಬ್ಯಾಟರಿಯ ಕಿಲೋಗಿಂತ ನಲವತ್ತು ಪಟ್ಟು ಹತ್ತಿರ. ಎಂಜಿನ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ ಮಾಡಿದರೂ ಖಂಡಗಳನ್ನು ದಾಟಲು ಬ್ಯಾಟರಿ ಸಾಲದು. ಯುರೋಪಿಯನ್ ಒಕ್ಕೂಟ ಪರ್ಯಾಯ ವಿಮಾನ ಇಂಧನದ ಪಾಲನ್ನು 2025ರಲ್ಲಿ ಶೇ. 2 ಅಂತ ಶುರು ಮಾಡಿ 2050ಕ್ಕೆ ಶೇ. 70 ಅಂತ ಬರೆದಿಟ್ಟಿದೆ. ಬರೆದವರೇ ಕಾಲು ಶತಮಾನ ಕೇಳಿದ್ದಾರೆ ಅನ್ನುವುದನ್ನು ಹುಡುಗ ಬಳಸಿಕೊಳ್ಳಬಹುದು. ಹುಡುಗಿ ಅದಕ್ಕೆ ಉತ್ತರ ಕೊಡಬೇಕಾದರೆ ಇಷ್ಟು ಹೇಳಲಿ: ವಿಮಾನಕ್ಕೆ ಹೋಗುವುದು ಲೋಕದ ತೈಲದ ಸುಮಾರು ಹದಿನೈದನೇ ಒಂದು ಪಾಲು, ರಸ್ತೆಗೆ ಹೋಗುವುದು ಅರ್ಧದ ಹತ್ತಿರ. ವಿಮಾನದ ಪಾಲು ಮಾತ್ರ ಉಳಿದರೆ ಆ ಹಂಗಿಗೆ ಯಾರ ದೇಶವೂ ರಾತ್ರಿ ನಿದ್ದೆಗೆಡುವುದಿಲ್ಲ, 90 ದಿನದ ಟ್ಯಾಂಕು ವರ್ಷಗಟ್ಟಲೆ ಬರುತ್ತದೆ.